ಹರ್ಬರ್ಟ್ ಫ್ರೂಡ್

ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಗಳ ಸೀಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಕಡಿದಾದ ದಾರಿಗಳಲ್ಲಿ ಸರಕು ತುಂಬಿದ ಕುದುರೆಗಾಡಿಗಳನ್ನು ಇಳಿಸುವುದು ಗಾಡಿಯವರಿಗೆ ಪ್ರಾಣಸಂಕಟವಾಗಿತ್ತು. ಚಕ್ರದ ಕಬ್ಬಿಣದ ಪಟ್ಟಿಗೆ ಒತ್ತುವ ಮರದ ತುಂಡೇ ಆಗಿನ ಬ್ರೇಕು. ಅದು ಜಾರುತ್ತಿತ್ತು, ಬೇಗನೆ ಸವೆಯುತ್ತಲೂ ಇತ್ತು. ಆದಕಾರಣ ಗಾಡಿಯವರು ಹಳೆಯ ಜೋಡೊಂದನ್ನು ಆ ಮರಕ್ಕೆ ಜಡಿದು ಇಳಿಯುತ್ತಿದ್ದರು. ಎಲ್ಲರೂ ಕಂಡು ಮರೆಯುತ್ತಿದ್ದ ಈ ಉಪಾಯವು ೧೮೬೪ರಲ್ಲಿ ಜನಿಸಿದ ಹರ್ಬರ್ಟ್ ಫ್ರೂಡನನ್ನು ಚಿಂತನೆಗೆ ಹಚ್ಚಿತು.

೧೮೯೭ರಲ್ಲಿ ಆತನು ತನ್ನ ಮನೆಯ ಹಿತ್ತಲಿನ ಕೊಟ್ಟಡಿಯಲ್ಲಿ ಪ್ರಯೋಗಗಳನ್ನು ಆರಂಭಿಸಿದನು. ನೀರಿನ ಬಲದಿಂದ ತಿರುಗುವ ಚಕ್ರಕ್ಕೆ ಬಗೆಬಗೆಯ ವಸ್ತುಗಳನ್ನು ಒತ್ತಿ ಪರೀಕ್ಷಿಸಿದನು. ಘರ್ಷಣೆ ಹೆಚ್ಚಿದ್ದ ಮಾತ್ರಕ್ಕೆ ವಸ್ತುವು ಬ್ರೇಕಿಗೆ ಒಗ್ಗುವುದಿಲ್ಲ. ಹಿಡಿತವು ಅತಿಯಾದರೆ ಚಕ್ರವು ತಟ್ಟನೆ ಕಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಗಾಡಿ ನಿಲ್ಲದು. ಒದ್ದೆಯಾದರೂ ಕಾದರೂ ಹಿಡಿತ ಒಂದೇ ಸಮನಾಗಿರಬೇಕು. ತಾನು ಮೆಲ್ಲನೆ ಸವೆಯಬೇಕು, ಎದುರಿನ ಲೋಹವನ್ನೂ ಕೆಡಿಸಬಾರದು. ಹತ್ತಿಯ ದಪ್ಪ ನೇಯ್ಗೆಯನ್ನು ಅಂಟುದ್ರವ್ಯದಲ್ಲಿ ತೋಯಿಸಿ ಫ್ರೂಡನು ತಯಾರಿಸಿದ ಪಟ್ಟಿಯಲ್ಲಿ ಈ ಗುಣಗಳು ಬಹುಮಟ್ಟಿಗೆ ಕೂಡಿಬಂದವು. ತನ್ನ ಮನೆತನದ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ, ಹೆಂಡತಿ ಎಲಿಜಬೆತಳ ಮೊದಲಕ್ಷರವನ್ನು ಸೇರಿಸಿ, ಆತನು ಅದನ್ನು ಫೆರೋಡೊ ಎಂದು ಕರೆದನು. ಚಾಪೆಲ್-ಎನ್-ಲ-ಫ್ರಿತ್ ಎಂಬ ಊರಿನಲ್ಲಿ ಕಾರ್ಖಾನೆ ಎದ್ದಿತು.

ಅಷ್ಟರಲ್ಲಿ ಮೋಟಾರು ವಾಹನಗಳು ಬಂದವು. ಬ್ರೇಕು ಚಲನೆಯ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ವೇಗವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಯಂತ್ರವನ್ನೂ ಚಕ್ರಗಳನ್ನೂ ಕೂಡಿಸುವ ಕ್ಲಚ್ಚಿನಲ್ಲಿಯೂ ಅರೆಗಳಿಗೆಯ ಜಾರುವಿಕೆಯೇ ಬೇಕಾದಷ್ಟು ಬಿಸಿ ಹುಟ್ಟಿಸುತ್ತದೆ. ಹತ್ತಿಯು ಈ ಬಿಸಿಗೆ ಕರಕಲಾಯಿತು. ೧೯೦೮ರಲ್ಲಿ ಫ್ರೂಡನು ಬೆಂಕಿಗೆ ಜಗ್ಗದ ಕಲ್ನಾರನ್ನು ಬಳಸತೊಡಗಿದನು. ಬಸ್ಸು, ಲಾರಿ, ಕಾರುಗಳು ಅದನ್ನು ನೆಚ್ಚಿ ಇಳಿಜಾರುಗಳಲ್ಲಿ ಓಡಿದವು; ಅದರಿಂದ ಎಷ್ಟೋ ಜೀವಗಳು ಉಳಿದಿರಬೇಕು.

ಆದರೆ ಕಲ್ನಾರಿನ ಸೂಕ್ಷ್ಮವಾದ ಧೂಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶವನ್ನು ಗಡುಸಾಗಿಸುತ್ತದೆ. ಬಹುಕಾಲದ ಮೇಲೆ ಕ್ಯಾನ್ಸರನ್ನೂ ತರಬಲ್ಲದು. ಫ್ರೂಡನು ಪ್ರಯೋಗಕ್ಕೆ ತೊಡಗಿದ ಮರುವರ್ಷ, ೧೮೯೮ರಲ್ಲಿಯೇ, ಬ್ರಿಟನ್ನಿನ ಮಹಿಳಾ ಕಾರ್ಖಾನೆ ತನಿಖಾಧಿಕಾರಿಗಳು ಈ ಧೂಳಿನ ಬಗೆಗೆ ಎಚ್ಚರಿಸಿದ್ದರು. ಆ ಮಾತಿಗೆ ಕಿವಿಗೊಟ್ಟವರು ವಿರಳ. ೧೯೩೧ರಲ್ಲಿ ಫ್ರೂಡನು ನಿಧನನಾದನು. ಕಲ್ನಾರಿನ ಕಾರ್ಖಾನೆಗಳ ಧೂಳನ್ನು ಹತೋಟಿಗೆ ತರುವ ಮೊದಲ ನಿಯಮಗಳು ಬ್ರಿಟನ್ನಿನಲ್ಲಿ ರೂಪುಗೊಂಡದ್ದು ಅದೇ ವರ್ಷ. ಪೂರ್ಣ ನಿಷೇಧಕ್ಕೆ ೧೯೯೯ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಉಕ್ಕು, ಗಾಜು, ಅರಾಮಿಡ್ ಮುಂತಾದವುಗಳ ಎಳೆಗಳು ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರಿನ ಸ್ಥಾನಕ್ಕೆ ಬಂದಿದ್ದವು.