ಬಲಾಢ್ಯನಾದ ಪಾಲ್ ಆಂಡರ್ಸನ್

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ನಮ್ಮ ಸಭೆಗಳವರಿಗೆ ಬಲವೆಂದರೇನೆಂಬದನ್ನು ಹೇಳಿಕೊಡಬೇಕಾದದ್ದಿಲ್ಲ. ಕಬ್ಬಿನ ಹೊರೆಯನ್ನು ಗಾಡಿಗೆ ಏರಿಸುವವರನ್ನೂ, ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವವರನ್ನೂ, ಭತ್ತದ ಮೂಟೆಯನ್ನು ಬೆನ್ನಮೇಲೆ ಹೊತ್ತು ನಡೆಯುವವರನ್ನೂ ನಾವು ಕಾಣುತ್ತಲೇ ಇದ್ದೇವೆ. ಬಲವುಳ್ಳವನಿಗೆ ಊರಲ್ಲಿ ಮರ್ಯಾದೆ. ಬಲ ಕುಂದಿದವನನ್ನು ಕೇಳುವವರಿಲ್ಲ. ಆದಕಾರಣ ಲೋಕದಲ್ಲಿಯೇ ಅತಿ ಬಲಾಢ್ಯನೆನಿಸಿಕೊಂಡ ಒಬ್ಬ ಕ್ರೈಸ್ತನ ಜೀವಿತವನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇನೆ.

ಪಾಲ್ ಆಂಡರ್ಸನನು 1932ನೆಯ ಇಸವಿ ಅಕ್ಟೋಬರ್ 17ರಂದು ಅಮೇರಿಕ ದೇಶದ ಜಾರ್ಜಿಯ ಸಂಸ್ಥಾನದ ಟೊಕೋವ ಎಂಬ ಊರಲ್ಲಿ ಹುಟ್ಟಿದನು. ಸತ್ಯವೇದದಲ್ಲಿ ನಾವು ಪೌಲನೆಂದು ಓದುವ ಹೆಸರೇ ಅವನ ಹೆಸರು. ಬಾಲ್ಯದಲ್ಲಿ ಅವನಿಗೆ ಮೂತ್ರಪಿಂಡಗಳ ಬೇನೆ ತಗಲಿತ್ತು. ಈ ಸಂಗತಿಯನ್ನು ಮನಸ್ಸಿನಲ್ಲಿಡಿರಿ. ಕಡೆಯಲ್ಲಿ ಇದು ಬೇಕಾಗುವದು.

ಯೌವನದಲ್ಲಿ ಅವನು ಭಾರವೆತ್ತುವ ಅಭ್ಯಾಸಕ್ಕೆ ಕೈಯಿಟ್ಟನು. ಕೊಳ್ಳುವದಕ್ಕೆ ಹಣ ಸಾಲದಿದ್ದಾಗ ಪೀಪಾಯಿಗಳಲ್ಲಿ ಕಾಂಕ್ರೀಟು ತುಂಬಿ, ಹಳೆಯ ಚಕ್ರಗಳನ್ನೂ ಇರುಸುಗಳನ್ನೂ ಕೂಡಿಸಿ, ತನ್ನ ಭಾರಗಳನ್ನು ತಾನೇ ಮಾಡಿಕೊಂಡನು. ನೆಲದಲ್ಲಿ ಗುಂಡಿ ತೋಡಿ, ಅದರ ಮೇಲೆ ಭಾರವನ್ನು ಅಡ್ಡಲಾಗಿಟ್ಟು, ತಾನು ಗುಂಡಿಗಿಳಿದು ಹೆಗಲುಕೊಟ್ಟು ಎತ್ತುವನು. ಗುಂಡಿ ಆಳವಾಗಿದ್ದಾಗ ಸ್ವಲ್ಪವೇ ಎದ್ದರೆ ಸಾಕು; ದಿನದಿನಕ್ಕೆ ಕೊಂಚ ಕೊಂಚ ಮಣ್ಣು ತುಂಬುತ್ತಾ ಬರಲು ಏಳಬೇಕಾದ ದೂರವು ಹೆಚ್ಚುತ್ತಿತ್ತು. ಹೀಗೆ ತಾಳ್ಮೆಯಿಂದ ಬೆಳೆದವನು 1955ರ ಜೂನ್ ತಿಂಗಳಲ್ಲಿ ಮಾಸ್ಕೋ ಪಟ್ಟಣದಲ್ಲಿ, ಮಳೆಯಲ್ಲಿ ನಿಂತಿದ್ದ ಸಾವಿರಾರು ಜನರ ಮುಂದೆ, 182.5 ಕಿಲೋಗ್ರಾಂ ಭಾರವನ್ನು ತಲೆಯ ಮೇಲಕ್ಕೆತ್ತಿದನು. ಆಗ ಅವನ ದೇಶಕ್ಕೂ ರಷ್ಯಕ್ಕೂ ಹಗೆಯಿದ್ದಾಗ್ಯೂ ಆ ಜನರು ಅವನನ್ನು ಪ್ರಕೃತಿಯ ಅದ್ಭುತವೆಂದು ಕೊಂಡಾಡಿದರು. ಅದೇ ವರುಷ ಮ್ಯೂನಿಕ್ ಪಟ್ಟಣದಲ್ಲಿ ಅವನು ಲೋಕದ ಪ್ರಥಮ ಬಹುಮಾನವನ್ನೂ ಪಡೆದನು.

1956ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದವು. ದೇಹತೂಕವು 90 ಕಿಲೋಗ್ರಾಂ ಮೀರಿದವರೆಲ್ಲರೂ ಆಗ ಒಂದೇ ವರ್ಗದವರು. ಮೂರು ಬಗೆಯಾಗಿ ಭಾರವೆತ್ತಬೇಕು. ಒಂದೊಂದಕ್ಕೆ ಮೂರೇ ಸಾರಿ ಅವಕಾಶ. ಮೊತ್ತ ಸಮವಾದರೆ ಹಗುರವಾದ ದೇಹವುಳ್ಳವನಿಗೆ ಜಯ. ಆ ದಿವಸ ಆಂಡರ್ಸನನಿಗೆ ಕಿವಿಯೊಳಗಣ ಬೇನೆಯಿಂದ ಜ್ವರವು ಕಾಯುತ್ತಿತ್ತು. ಅರ್ಜೆಂಟೀನ ದೇಶದ ಉಂಬೆರ್ತೊ ಸೆಲ್ವೆಟ್ಟಿಯು 175, 145, 180 ಹೀಗೆ 500 ಕಿಲೋಗ್ರಾಂ ಮುಗಿಸಿದ್ದನು. ಆಂಡರ್ಸನನು 167.5, 145 ಎತ್ತಿ ಹಿಂದೆ ಬಿದ್ದಿದ್ದನು. ಸಮವಾಗಬೇಕಾದರೆ 187.5, ಅಂದರೆ ಎರಡು ಕ್ವಿಂಟಾಲಿಗೆ ಸ್ವಲ್ಪವೇ ಕಡಿಮೆ, ಎತ್ತಬೇಕಾಗಿತ್ತು. ಮೊದಲನೆಯ ಸಾರಿ ತಪ್ಪಿತು. ಎರಡನೆಯ ಸಾರಿಯೂ ತಪ್ಪಿತು. ಮೂರನೆಯ ಸಾರಿ ಅವನು ದೇವರಿಗೆ ಮೊರೆಯಿಟ್ಟು ಎತ್ತಿದನು. ಭಾರವು ಮೇಲೆ ನಿಂತಿತು. ಸೆಲ್ವೆಟ್ಟಿಗಿಂತ ಸುಮಾರು ಐದು ಕಿಲೋಗ್ರಾಂ ಹಗುರವಾಗಿದ್ದದ್ದರಿಂದ ಚಿನ್ನದ ಪದಕವು ಅವನದಾಯಿತು.

ಇಲ್ಲಿ ನಾವು ಎಚ್ಚರವಾಗಿರಬೇಕು. ದೇವರು ಒಬ್ಬನ ಪಕ್ಷ ಹಿಡಿದು ಇನ್ನೊಬ್ಬನನ್ನು ಸೋಲಿಸಿದನೆಂದು ಹೇಳಬಾರದು. ನಮ್ಮ ಹಿರಿಯರಲ್ಲಿ ಅನೇಕರು ಕಾರ್ಯ ಕೈಗೂಡಿದರೆ ಇಂಥದನ್ನು ಕೊಡುವೆವೆಂದು ಹರಕೆ ಹೊರುತ್ತಿದ್ದರು. ದೀಕ್ಷಾಸ್ನಾನವಾದ ಮೇಲೂ ಆ ಚೌಕಾಸಿಯ ಬುದ್ಧಿ ನಮ್ಮನ್ನು ಬಿಡದು. ಉಪದೇಶಿಯಾದ ನಾನೂ ಮಗುವಿನ ಜ್ವರದ ರಾತ್ರಿಯಲ್ಲಿ ಹಾಗೆ ಪ್ರಾರ್ಥಿಸಿದ್ದುಂಟು. ಆಂಡರ್ಸನನಾದರೋ ತಾನು ಆ ಹೊತ್ತು ದೇವರ ಸಂಗಡ ವ್ಯಾಪಾರ ಮಾಡಲಿಲ್ಲವೆಂದೂ, ಸಹಾಯವಿಲ್ಲದೆ ಆಗದೆಂದು ತಿಳಿದು ಬೇಡಿಕೊಂಡೆನೆಂದೂ ಆಮೇಲೆ ಸಾಕ್ಷಿ ಹೇಳಿದನು. ಹರಕೆಗೂ ಪ್ರಾರ್ಥನೆಗೂ ಇರುವ ಭೇದವು ಇದೇ.

ತರುವಾಯ ಅವನು ಹಣಕ್ಕಾಗಿ ಬಲಪ್ರದರ್ಶನ ಮಾಡುವವನಾದದ್ದರಿಂದ ಒಲಿಂಪಿಕ್ ಪಂದ್ಯದ ಬಾಗಿಲು ಅವನಿಗೆ ಮುಚ್ಚಿತು. 1957ರಲ್ಲಿ ಅವನು ಬೆನ್ನಿನಿಂದ 6,270 ಪೌಂಡ್ ಎತ್ತಿದನೆಂಬ ಮಾತನ್ನು ದಾಖಲೆಗಳ ಪುಸ್ತಕವು ಬಹುಕಾಲ ಇಟ್ಟುಕೊಂಡಿದ್ದು ಆಮೇಲೆ ತೆಗೆದುಹಾಕಿತು. ಅದನ್ನು ನಾವು ವಾದಿಸುವದು ಬೇಡ; ದೇವರ ಮಹಿಮೆಗೆ ಸಂಶಯದ ಸಾಕ್ಷಿ ಬೇಕಾಗಿಲ್ಲ. ಸಂಶಯವಿಲ್ಲದ ಕೆಲಸವು ಬೇರೆ ಇದೆ. 1961ರಲ್ಲಿ ಅವನೂ ಅವನ ಹೆಂಡತಿಯಾದ ಗ್ಲೆಂಡಳೂ ಜಾರ್ಜಿಯದ ವಿಡೇಲಿಯ ಎಂಬ ಊರಲ್ಲಿ, ದಾರಿತಪ್ಪಿ ಸೆರೆಮನೆಗೆ ಹೋಗಬೇಕಾಗಿದ್ದ ಹುಡುಗರಿಗಾಗಿ ಒಂದು ಆಶ್ರಯಗೃಹವನ್ನು ತೆರೆದರು. ಅದರ ವೆಚ್ಚಕ್ಕಾಗಿ ಅವನು ಊರೂರು ತಿರುಗಿ ಬಲವನ್ನು ತೋರಿಸಿ, ಲೋಕದ ಬಲಾಢ್ಯನೆನಿಸಿಕೊಂಡ ತಾನೂ ಕ್ರಿಸ್ತನಿಲ್ಲದೆ ಒಂದು ದಿನವಾದರೂ ನಡೆಯಲಾರೆನೆಂದು ಸಾರಿದನು.

ಆ ಮಾತಿಗೆ ಅವನ ಶರೀರವೇ ಸಾಕ್ಷಿಯಾಯಿತು. ಬಾಲ್ಯದಲ್ಲಿ ಬೇನೆಬಿದ್ದ ಮೂತ್ರಪಿಂಡಗಳೇ ನಡುವಯಸ್ಸಿನಲ್ಲಿ ಕೆಟ್ಟುಹೋದವು. 1983ರಲ್ಲಿ ಅವನ ಅಕ್ಕ ಡಾರತಿಯು ತನ್ನ ಒಂದು ಮೂತ್ರಪಿಂಡವನ್ನು ಕೊಟ್ಟು ಅವನನ್ನು ಬದುಕಿಸಿದಳು. ಮನುಷ್ಯರನ್ನೇ ಮೇಜಿನ ಸಮೇತ ಎತ್ತಿದವನನ್ನು ಒಬ್ಬ ಹೆಂಗಸು ಎತ್ತಿ ಹಿಡಿದಳು. ಹನ್ನೊಂದು ವರುಷ ಕಳೆದು 1994ನೆಯ ಆಗಸ್ಟ್ 15ರಂದು, 61ನೆಯ ವಯಸ್ಸಿನಲ್ಲಿ, ಅವನು ಕರ್ತನಲ್ಲಿ ನಿದ್ರೆಹೋದನು. ಆಶ್ರಯಗೃಹವು ಅವನ ಕಾಲಾನಂತರವೂ ನಡೆಯಿತು.

ಪ್ರಿಯರೇ, ಬಲವು ನಮ್ಮ ಸ್ವತ್ತಲ್ಲ. ಕರ್ತನು ಸ್ವಲ್ಪ ಕಾಲಕ್ಕೆ ಕೊಟ್ಟ ಸಾಲವು. ಹೊರುವ ಶಕ್ತಿಯಿರುವ ತನಕ ಇತರರ ಭಾರವನ್ನು ಹೊರೋಣ. ಶಕ್ತಿ ಹೋದಾಗ ಇತರರಿಂದ ಹೊರಿಸಿಕೊಳ್ಳುವದಕ್ಕೆ ನಾಚದಿರೋಣ. ನಿಮ್ಮ ಸಭೆಯಲ್ಲಿ ಒಂದು ಕಾಲಕ್ಕೆ ಮೂಟೆ ಹೊತ್ತು ಈಗ ಜಗಲಿ ಹಿಡಿದಿರುವವರು ಯಾರಿದ್ದಾರೆ? ಈ ವಾರ ಅವರ ಬಳಿಗೆ ಹೋಗಿ ಕುಳಿತು, ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯವನ್ನು ಅವರ ಸಂಗಡ ಓದಿರಿ. ಅಲ್ಲಿ ಇನ್ನೊಬ್ಬ ಪೌಲನು ತನ್ನ ಬಲಹೀನತೆಯ ವಿಷಯವಾಗಿ ಬರೆದಿದ್ದಾನೆ.