ಮುತ್ತುಲಕ್ಷ್ಮಿ ರೆಡ್ಡಿ: ಕಾನೂನು, ರೂಢಿ ಮತ್ತು ಲಿಂಗದ ಪ್ರಶ್ನೆ (ಬಳ್ಳಾರಿ ಸೀಮೆಯ ಹಿನ್ನೆಲೆಯಲ್ಲಿ)

ದೇವದಾಸಿ ಪದ್ಧತಿಯ ನಿಷೇಧವನ್ನು ಕುರಿತ ಚರ್ಚೆಗಳಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ (1886-1968) ಅವರ ಹೆಸರು ತಪ್ಪದೆ ಬರುತ್ತದೆ. ಅವರ ಬದುಕನ್ನು ಬಹುಮಟ್ಟಿಗೆ ಮದರಾಸು ನಗರದ ಸುಧಾರಣಾ ಚಳವಳಿಯ ಚೌಕಟ್ಟಿನಲ್ಲಿಯೇ ನೋಡಲಾಗಿದೆ. ಆದರೆ ಅವರು ಆರಂಭಿಸಿದ ಕಾನೂನು ಹೋರಾಟದ ಪರಿಣಾಮ ಕನ್ನಡ ನಾಡಿನ ಒಂದು ಭಾಗವನ್ನೂ ತಲುಪಿತು. ಬಳ್ಳಾರಿ ಸೀಮೆಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿತ್ತು. ಹೀಗಾಗಿ ಹರಪನಹಳ್ಳಿ ತಾಲ್ಲೂಕಿನ ಬಾಗಳಿ, ಉಚ್ಚಂಗಿದುರ್ಗಗಳಿಗೂ ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳ ಪರಿಸರಕ್ಕೂ ಮದರಾಸಿನ ಶಾಸನಸಭೆಯ ಕಾಯಿದೆಗಳೇ ಅನ್ವಯಿಸುತ್ತಿದ್ದವು. ಈ ಸೀಮೆಯಲ್ಲಿ ಹೆಣ್ಣು-ಗಂಡು ಎಂಬ ಗೆರೆಯನ್ನು ದಾಟಿದವರಿಗೆ ರೂಢಿಯೇ ಕೆಲವು ಸ್ಥಾನಮಾನಗಳನ್ನು ಕೊಟ್ಟಿತ್ತು. ಸಮಾನತೆಯ ಆಶಯದಿಂದಲೇ ಬಂದ ಕಾನೂನು ಅವುಗಳನ್ನು ಹೇಗೆ ಕಂಡಿತು ಎಂಬ ಪ್ರಶ್ನೆಯೊಡನೆ ಮುತ್ತುಲಕ್ಷ್ಮಿಯವರ ಜೀವನವನ್ನು ಮರುಪರಿಶೀಲಿಸುವುದು ಅಗತ್ಯವಾಗಿದೆ.

1

ಮುತ್ತುಲಕ್ಷ್ಮಿಯವರು 1886ರ ಜುಲೈ 30ರಂದು ಪುದುಕ್ಕೋಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು; ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ತಂದೆಯ ಜಾತಿ ಮತ್ತು ತಾಯಿಯ ಕುಲಗಳ ನಡುವಿನ ಈ ಹುಟ್ಟು ಅವರ ಮುಂದಿನ ನಿಲುವುಗಳನ್ನು ಬಹಳ ಮಟ್ಟಿಗೆ ರೂಪಿಸಿತು. ಗಂಡುಮಕ್ಕಳು ಮಾತ್ರ ಓದುತ್ತಿದ್ದ ಮಹಾರಾಜಾ ಕಾಲೇಜಿನಲ್ಲಿ, ವಿರೋಧದ ನಡುವೆಯೂ, ಅರಸರ ಅನುಮತಿಯಿಂದ ಅವರಿಗೆ ಪ್ರವೇಶ ದೊರೆಯಿತು. 1907ರಲ್ಲಿ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿ 1912ರಲ್ಲಿ ಪದವಿ ಪಡೆದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ವಿವಾಹವಾಗುವಾಗ ತಮ್ಮನ್ನು ಸಮಾನಳೆಂದು ಗೌರವಿಸಬೇಕೆಂಬ ಷರತ್ತನ್ನು ಮುಂದಿಟ್ಟಿದ್ದರು. ಹುಟ್ಟಿನಿಂದ ಬಂದ ಸ್ಥಾನವನ್ನು ಶಿಕ್ಷಣದ ಮೂಲಕ ಮೀರಬಹುದೆಂಬುದು ಅವರಿಗೆ ಸ್ವಂತ ಬದುಕಿನಿಂದಲೇ ಖಚಿತವಾಗಿದ್ದ ಸತ್ಯ.

2

ಮದರಾಸು ಶಾಸನಸಭೆಗೆ ನಾಮನಿರ್ದೇಶನಗೊಂಡು ಬ್ರಿಟಿಷ್ ಭಾರತದ ಮೊದಲ ಶಾಸಕಿ ಎನಿಸಿದ ಅವರು ಆ ಸಭೆಯ ಉಪಾಧ್ಯಕ್ಷರೂ ಆದರು. 1927ರಲ್ಲಿ ದೇವಾಲಯಗಳಿಗೆ ಹೆಣ್ಣುಮಕ್ಕಳನ್ನು ಸಮರ್ಪಿಸುವುದನ್ನು ನಿಲ್ಲಿಸಬೇಕೆಂಬ ನಿರ್ಣಯವನ್ನು ಮಂಡಿಸಿದರು. ಇದರ ಫಲವಾಗಿ 1929ರಲ್ಲಿ ಮದರಾಸು ಹಿಂದೂ ಧಾರ್ಮಿಕ ದತ್ತಿ ಕಾಯಿದೆಗೆ ತಿದ್ದುಪಡಿ ಬಂದಿತು. ದೇವಾಲಯದ ಸೇವೆಗಾಗಿ ಇನಾಮು ಭೂಮಿ ಪಡೆದಿದ್ದ ಸ್ತ್ರೀಯರನ್ನು ಆ ಸೇವೆಯ ಹೊಣೆಯಿಂದ ಬಿಡಿಸಿ, ಭೂಮಿಯನ್ನು ಅವರಲ್ಲಿಯೇ ಉಳಿಸಿದ್ದು ಈ ತಿದ್ದುಪಡಿಯ ವೈಶಿಷ್ಟ್ಯ. ಬಂಧನವನ್ನು ಕಳಚುವಾಗ ಅದರೊಡನೆ ಇದ್ದ ಹಕ್ಕು ಕಳಚಿಹೋಗಬಾರದೆಂಬ ಎಚ್ಚರ ಇಲ್ಲಿ ಕಾಣುತ್ತದೆ.

ಸಮರ್ಪಣೆಯನ್ನೇ ನಿಷೇಧಿಸುವ ಮಸೂದೆಯನ್ನು ಅವರು 1930ರಲ್ಲಿ ಮುಂದಿಟ್ಟರು. ಈ ಪ್ರಯತ್ನಕ್ಕೆ ಸಭೆಯ ಒಳಗೂ ಹೊರಗೂ ಪ್ರತಿರೋಧವಿತ್ತು. ನಂಜನಗೂಡಿನಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ್ದ ಬೆಂಗಳೂರು ನಾಗರತ್ನಮ್ಮ (1878-1952) ಸೇರಿದಂತೆ ದೇವದಾಸಿ ಸಮುದಾಯದ ಸ್ತ್ರೀಯರು ಸಂಘಟಿತರಾಗಿ ವಿರೋಧಿಸಿದರು. ತಮ್ಮನ್ನು ವೇಶ್ಯೆಯರೊಡನೆ ಸಮೀಕರಿಸುವುದು ಸಲ್ಲದು, ಬೇಕಿರುವುದು ಶಿಕ್ಷಣವೇ ಹೊರತು ನಿಷೇಧವಲ್ಲ ಎಂಬುದು ಅವರ ವಾದವಾಗಿತ್ತು. ಹೆಣ್ಣಿನ ಸಾಲಿನಲ್ಲಿ ಆಸ್ತಿ ಹರಿಯುವ ಹಾಗೂ ಹೆಣ್ಣುಮಕ್ಕಳನ್ನು ದತ್ತು ಪಡೆಯುವ ಅವರ ರೂಢಿಗಳಿಗೆ ಆಗ ನ್ಯಾಯಾಲಯಗಳ ಮಾನ್ಯತೆಯಿತ್ತು. ಸಾಮಾನ್ಯ ಹಿಂದೂ ಸ್ತ್ರೀಗೆ ಅಂದು ಇಲ್ಲದಿದ್ದ ಹಕ್ಕುಗಳಿವು. ಮುತ್ತುಲಕ್ಷ್ಮಿಯವರು ಈ ಸಮುದಾಯದ ಎಳೆಯ ಹೆಣ್ಣುಮಕ್ಕಳ ಶೋಷಣೆಯನ್ನು ಕಂಡರು. ವಿರೋಧಿಸಿದವರು ಮುಂದೆ ಉಂಟಾಗಲಿರುವ ನಷ್ಟವನ್ನು ಕಂಡರು. ಎರಡೂ ವಾಸ್ತವಗಳೇ ಆಗಿದ್ದವು.

ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಮುತ್ತುಲಕ್ಷ್ಮಿಯವರು 1930ರಲ್ಲಿಯೇ ಸದಸ್ಯತ್ವವನ್ನು ತ್ಯಜಿಸಿದರು. ಸಮರ್ಪಣೆಯನ್ನು ಕಾನೂನುಬಾಹಿರವೆಂದು ಸಾರಿದ ಮದರಾಸು ದೇವದಾಸಿ (ಸಮರ್ಪಣೆ ತಡೆ) ಕಾಯಿದೆ ಜಾರಿಯಾದದ್ದು 1947ರಲ್ಲಿ. ಆಗ ಅವರು ಸಭೆಯಲ್ಲಿರಲಿಲ್ಲವಾದರೂ ಅದರ ಹಿಂದಿನ ಪ್ರೇರಣೆ ಅವರದೇ.

3

ಈ ಕಾಯಿದೆ ಬಳ್ಳಾರಿ ಸೀಮೆಯಲ್ಲಿ ಎದುರುಗೊಂಡದ್ದು ತಂಜಾವೂರಿನ ದೇವಾಲಯ ನರ್ತಕಿಯನ್ನಲ್ಲ, ಬಸವಿಯನ್ನು. ಗಂಡುಸಂತಾನವಿಲ್ಲದ ಮನೆಯವರು ಮಗಳನ್ನು ಬಸವಿ ಬಿಟ್ಟರೆ ಆಕೆ ಮಗನ ಸ್ಥಾನವನ್ನು ಪಡೆಯುತ್ತಿದ್ದಳು: ತಂದೆ-ತಾಯಿಯರ ಉತ್ತರಕ್ರಿಯೆ ನಡೆಸುವುದು, ಆಸ್ತಿಗೆ ವಾರಸುದಾರಳಾಗುವುದು, ತನ್ನ ಮಕ್ಕಳಿಗೆ ತಂದೆಯ ಮನೆತನದ ಹೆಸರನ್ನೇ ಕೊಡುವುದು ಆಕೆಗೆ ಸಾಧ್ಯವಿತ್ತು. ಫ್ರೆಡ್ ಫಾಸೆಟ್ 1890ರ ದಶಕದ ಆರಂಭದ ತಮ್ಮ ಪ್ರಬಂಧದಲ್ಲಿ ಬಸವಿಯರನ್ನು ಪುರುಷರ ವಿಶೇಷಾಧಿಕಾರಗಳನ್ನು ಪಡೆದ ಸ್ತ್ರೀಯರೆಂದೇ ಗುರುತಿಸಿದ್ದಾರೆ. ಆದರೆ ಈ ಸ್ಥಾನದ ಬೆಲೆಯನ್ನು ಮರೆಯುವಂತಿಲ್ಲ. ವಿವಾಹ ನಿರಾಕರಣೆ, ಎಳೆಯ ವಯಸ್ಸಿನಲ್ಲಿಯೇ ಮೈಮೇಲಿನ ಅಧಿಕಾರದ ನಷ್ಟ, ಕೆಳಜಾತಿಯ ಸ್ತ್ರೀಯರ ಮೇಲೆ ಮೇಲುವರ್ಗದವರ ಯಜಮಾನಿಕೆ ಇವೆಲ್ಲ ಅದರೊಳಗೇ ಇದ್ದವು.

ಬಸವಿಯ ಹಕ್ಕು ಇದ್ದದ್ದು ದೇವಾಲಯದ ಇನಾಮಿನಲ್ಲಿ ಅಲ್ಲ, ಬಹುಮಟ್ಟಿಗೆ ತಂದೆಯ ಮನೆಯಲ್ಲಿ. ಆದುದರಿಂದ 1929ರ ತಿದ್ದುಪಡಿಯ ರಕ್ಷಣೆ ಆಕೆಯನ್ನು ಮುಟ್ಟಲಿಲ್ಲ. 1947ರ ನಿಷೇಧ ಮಾತ್ರ ಮುಟ್ಟಿತು. ಆ ಕಾಯಿದೆಯು ಮಗನ ಸ್ಥಾನದ ಹಾದಿಯನ್ನು ಮುಚ್ಚಿತೇ ಹೊರತು ಅದರ ಬದಲಿಗೆ ಮಗಳ ಹಕ್ಕನ್ನು ಸೃಷ್ಟಿಸಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಪಾಲಿನಲ್ಲಿ ಮಗಳಿಗೆ ಭಾಗ ಕೊಟ್ಟರೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕದಲ್ಲಿ ಆ ಹಕ್ಕು ಹೆಣ್ಣುಮಕ್ಕಳಿಗೆ ದೊರೆತದ್ದು 1994ರಲ್ಲಿ, ಅದೂ ಅದಕ್ಕೆ ಮುನ್ನ ವಿವಾಹವಾದವರನ್ನು ಹೊರಗಿಟ್ಟು. 1947ಕ್ಕೂ 1994ಕ್ಕೂ ನಡುವಿನ 47 ವರ್ಷಗಳ ಈ ಅಂತರ ಗಮನಾರ್ಹವಾದುದು.

ಜೋಗಪ್ಪನ ಸ್ಥಿತಿ ಇನ್ನೂ ಸಂಕೀರ್ಣವಾದುದು. ಗಂಡಾಗಿ ಹುಟ್ಟಿ, ಎಲ್ಲಮ್ಮ ಅಥವಾ ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಕೊಡ ಹೊತ್ತು, ಚೌಡಿಕೆಯ ಪದ ಹಾಡುವ ಇವರಿಗೆ ದೈವದ ಹೆಸರೇ ಊರಿನಲ್ಲಿ ಬದುಕುವ ಆಸರೆಯಾಗಿತ್ತು. 1947ರ ಕಾಯಿದೆಯೂ ಅದರ ಸ್ಥಾನಕ್ಕೆ ಬಂದ ಕರ್ನಾಟಕದ 1982ರ ಕಾಯಿದೆಯೂ ದೇವದಾಸಿ ಎಂದರೆ ಸ್ತ್ರೀ ಎಂದೇ ನಿರ್ವಚಿಸಿದವು. ಅದೇ ಮುತ್ತು ಕಟ್ಟುವ ಆಚರಣೆ ಸ್ತ್ರೀಯರ ವಿಷಯದಲ್ಲಿ ಅಪರಾಧವಾಯಿತು. ಜೋಗಪ್ಪಂದಿರು ಕಾನೂನಿನ ಕಣ್ಣಿಗೆ ಬೀಳಲೇ ಇಲ್ಲ. ಮಾಜಿ ದೇವದಾಸಿಯರ ಪುನರ್ವಸತಿ ಯೋಜನೆಗಳೂ ಸ್ತ್ರೀಯರಿಗೆ ಸೀಮಿತವಾದವು. ಲಿಂಗಾಂತರಿ ಸಮುದಾಯವನ್ನು ರಾಜ್ಯದ ಕಾನೂನು ಹೆಸರಿಸಿದಾಗ, ಅಂದರೆ 2011ರಲ್ಲಿ ಪೊಲೀಸ್ ಕಾಯಿದೆಗೆ ಸೇರಿಸಿದ 36ಎ ಕಲಮಿನಲ್ಲಿ, ಅದು ರಕ್ಷಣೆಗಾಗಿ ಅಲ್ಲ, ಪಟ್ಟಿ ಮಾಡಿ ನಿಯಂತ್ರಿಸಲಿಕ್ಕಾಗಿ. ಸರ್ವೋಚ್ಚ ನ್ಯಾಯಾಲಯದ 2014ರ ತೀರ್ಪು, ರಾಜ್ಯದ 2017ರ ನೀತಿ ಹಾಗೂ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರ ಮೀಸಲಾತಿ ನೀಡಿದ 2021ರ ತಿದ್ದುಪಡಿಗಳ ನಂತರವೇ ಈ ದೃಷ್ಟಿ ಬದಲಾಗತೊಡಗಿತು.

4

ಶಾಸನಸಭೆಯಿಂದ ಹೊರಬಂದ ಮೇಲೆ ಮುತ್ತುಲಕ್ಷ್ಮಿಯವರ ಕೆಲಸ ನಿಲ್ಲಲಿಲ್ಲ. ಎಲ್ಲಿಯೂ ಆಶ್ರಯ ಸಿಗದೆ ತಮ್ಮ ಮನೆಗೆ ಬಂದ ದೇವದಾಸಿ ಕುಲದ ಬಾಲಕಿಯರಿಗಾಗಿ ಅವ್ವೈ ಇಲ್ಲಂ ಸ್ಥಾಪಿಸಿದರು. ತಂಗಿಯನ್ನು ಬಲಿ ತೆಗೆದುಕೊಂಡ ಕ್ಯಾನ್ಸರಿಗೆ ಚಿಕಿತ್ಸಾಲಯವೊಂದು ಬೇಕೆಂಬ ಅವರ ಪ್ರಯತ್ನ 1954ರಲ್ಲಿ ಅಡಯಾರಿನ ಕ್ಯಾನ್ಸರ್ ಸಂಸ್ಥೆಯಾಗಿ ಫಲಿಸಿತು. 1956ರಲ್ಲಿ ಪದ್ಮಭೂಷಣ ಗೌರವ ದೊರೆಯಿತು. 1968ರ ಜುಲೈ 22ರಂದು ಅವರು ನಿಧನರಾದರು.

ಅವರ ಸಾಧನೆಯನ್ನು ಕುಗ್ಗಿಸಿ ರೂಢಿಯನ್ನು ವೈಭವೀಕರಿಸುವುದು ಚರಿತ್ರೆಗೆ ಮಾಡುವ ಅಪಚಾರವಾದೀತು. ಬಸವಿಗೆ ಸಿಕ್ಕ ಮಗನ ಸ್ಥಾನವಾಗಲಿ ಜೋಗಪ್ಪನಿಗೆ ಸಿಕ್ಕ ದೈವದ ಆಸರೆಯಾಗಲಿ ಸ್ವಾತಂತ್ರ್ಯವಾಗಿರಲಿಲ್ಲ. ಆದರೆ ಮೇಲಿನಿಂದ ಬರುವ ಕಾನೂನು ಸ್ಥಳೀಯ ರೂಢಿಯನ್ನು ರದ್ದುಪಡಿಸುವಾಗ, ಆ ರೂಢಿಯೊಳಗೆ ಯಾರಿಗೆ ಯಾವ ರಕ್ಷಣೆಯಿತ್ತು ಎಂಬುದನ್ನು ಮೊದಲು ಎಣಿಸಬೇಕಾಗುತ್ತದೆ. ಸೇವೆಯನ್ನು ಬಿಡಿಸಿ ಭೂಮಿಯನ್ನು ಉಳಿಸಿದ 1929ರ ತಿದ್ದುಪಡಿಯೇ ಇದಕ್ಕೆ ಮಾದರಿ. ಬಳ್ಳಾರಿ ಸೀಮೆಯ ಬಸವಿ ಮತ್ತು ಜೋಗಪ್ಪರ ವಿಷಯದಲ್ಲಿ ಮುಂದಿನ ಕಾನೂನುಗಳು ಮರೆತದ್ದು ಮುತ್ತುಲಕ್ಷ್ಮಿಯವರೇ ಹಾಕಿಕೊಟ್ಟ ಈ ಮಾದರಿಯನ್ನು.