ಎಚ್. ವಿ. ಆರ್. ಅಯ್ಯಂಗಾರ್ಯರು

ಅಣೆಕಟ್ಟನ್ನು ಕಟ್ಟಿಸಿದವರ ಹೆಸರು ನಾಡಿನ ನಾಲಗೆಯ ಮೇಲೆ ನಿಲ್ಲುತ್ತದೆ. ಅದರ ತೂಬನ್ನು ಹಗಲಿರುಳೆನ್ನದೆ ಕಾಯುವವನ ಹೆಸರು ಯಾರಿಗೂ ತಿಳಿಯದು. ಹಣಕಾಸಿನ ಲೋಕದಲ್ಲಿಯೂ ಇದೇ ರೀತಿ. ಬ್ಯಾಂಕನ್ನು ಸ್ಥಾಪಿಸಿದ ಮಹನೀಯರನ್ನು ನಾವು ಸ್ಮರಿಸುತ್ತೇವೆ. ಬ್ಯಾಂಕುಗಳು ಹದ್ದು ಮೀರದಂತೆ ನೋಡಿಕೊಂಡವರನ್ನು ಮರೆಯುತ್ತೇವೆ. ಹೀಗೆ ಮರೆವಿಗೆ ಸಂದವರಲ್ಲಿ ಭಾರತದ ರಿಜರ್ವ್ ಬ್ಯಾಂಕಿನ ಆರನೆಯ ಗವರ್ನರಾಗಿದ್ದ ಶ್ರೀ ಎಚ್. ವಿ. ಆರ್. ಅಯ್ಯಂಗಾರ್ಯರು ಒಬ್ಬರು.

ಅವರ ಪೂರ್ಣನಾಮಧೇಯ ಹರವು ವೆಂಕಟನರಸಿಂಹ ವರದರಾಜ ಅಯ್ಯಂಗಾರ್. ಹೆಸರಿನ ಮೊದಲಲ್ಲಿ ಊರನ್ನಿಟ್ಟುಕೊಳ್ಳುವುದು ನಮ್ಮ ಕಡೆಯ ಮನೆತನಗಳ ಹಳೆಯ ವಾಡಿಕೆ. ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ ಪುರಾತನವಾದ ರಾಮದೇವರ ಗುಡಿಯಿರುವ ಗ್ರಾಮದ ಹೆಸರೂ ಹರವು ಎಂದೇ. ಆದುದರಿಂದ ಈ ಹೆಸರನ್ನು ಕೇಳಿದೊಡನೆ ನಮ್ಮ ಜಿಲ್ಲೆಯವರ ಕಿವಿ ನಿಮಿರಿದರೆ ಆಶ್ಚರ್ಯವೇನೂ ಇಲ್ಲ.

ಅಯ್ಯಂಗಾರ್ಯರು 1902ರಲ್ಲಿ ಜನಿಸಿದರು. ತಾರುಣ್ಯದಲ್ಲಿಯೇ ಐ. ಸಿ. ಎಸ್. ಸೇವೆಗೆ ಸೇರಿ ಮುಂಬಯಿ ಪ್ರಾಂತದಲ್ಲಿ ಆಡಳಿತದ ಅನುಭವವನ್ನು ಪಡೆದರು. 1946ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯು ಸೇರಿದಾಗ ಅದರ ಕಾರ್ಯದರ್ಶಿಗಳಾಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಪ್ರಧಾನ ಆಪ್ತ ಕಾರ್ಯದರ್ಶಿಗಳಾದರು. ಅದೇ ವರ್ಷದ ಕೊನೆಯಲ್ಲಿ ಅಜಮೀರದಲ್ಲಿ ಗಲಭೆಗಳಾದಾಗ ನೆಹರೂ ಅವರು ತಾವು ಹೋಗಲಾಗದೆ ಅಯ್ಯಂಗಾರ್ಯರನ್ನು ಕಳುಹಿಸಿದರು. ಗೃಹಮಂತ್ರಿಗಳಾದ ಸರ್ದಾರ್ ಪಟೇಲರಿಗೆ ಇದು ಸರಿಬೀಳಲಿಲ್ಲ. ವಿವಾದವು ಗಾಂಧೀಜಿಯವರ ತನಕ ಹೋಯಿತು. ಇಬ್ಬರು ಮಹಾನಾಯಕರ ನಡುವೆ ಸಿಕ್ಕಿದ ಅಧಿಕಾರಿಯ ಪಾಡು ಏನೆಂಬುದನ್ನು ಊಹಿಸಬಹುದು. ಆದರೆ ಮರುವರ್ಷವೇ ಅದೇ ಪಟೇಲರ ಕೈಕೆಳಗೆ ಅವರು ಗೃಹ ಕಾರ್ಯದರ್ಶಿಗಳಾದರೆಂಬುದು ಅವರ ದಕ್ಷತೆಗೂ ನಿಷ್ಪಕ್ಷಪಾತಕ್ಕೂ ದೊರೆತ ಮನ್ನಣೆಯೆನ್ನಬೇಕು. ಮುಂದೆ ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆಯ ಕಾರ್ಯದರ್ಶಿಗಳಾಗಿ, ಬಳಿಕ ಸ್ಟೇಟ್ ಬ್ಯಾಂಕಿನ ಅಧ್ಯಕ್ಷರಾಗಿ ಕೆಲಸಮಾಡಿ, 1957ರ ಮಾರ್ಚ್ 1ರಂದು ರಿಜರ್ವ್ ಬ್ಯಾಂಕಿನ ಗವರ್ನರ್ ಪದವಿಯನ್ನೇರಿದರು. ಒಂದು ತಿಂಗಳಾಗುವಷ್ಟರಲ್ಲಿ ಆಣೆ ಪೈಗಳು ಹೋಗಿ ನಯಾಪೈಸೆಯ ದಶಮಾಂಶ ನಾಣ್ಯವು ಚಲಾವಣೆಗೆ ಬಂದಿತು. ಆ ವರ್ಷವೇ ಎರಡನೆಯ ಪಂಚವಾರ್ಷಿಕ ಯೋಜನೆಯ ಭಾರದಿಂದ ವಿದೇಶೀ ವಿನಿಮಯದ ಮುಗ್ಗಟ್ಟು ತಲೆದೋರಿತು. ಆದರೆ ಅವರ ನಿಜವಾದ ಪರೀಕ್ಷೆ ಬೇರೊಂದು ದಿಕ್ಕಿನಿಂದ ಬರಲಿದ್ದಿತು.

ಅದನ್ನು ತಿಳಿಯುವುದಕ್ಕೆ ಮೊದಲು ಬ್ಯಾಂಕಿನ ಸ್ವರೂಪವನ್ನು ಸ್ವಲ್ಪ ನೋಡಬೇಕು. ಮಂಡ್ಯದ ರೈತನು ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿ ಬಂದ ಹಣವನ್ನೂ, ಮದ್ದೂರಿನ ವರ್ತಕನು ತೆಂಗಿನಕಾಯಿ ಮಾರಿದ ಹಣವನ್ನೂ, ಮಳವಳ್ಳಿಯ ರೇಷ್ಮೆ ಬೆಳೆಗಾರನು ಗೂಡು ಮಾರಿದ ಹಣವನ್ನೂ ಬ್ಯಾಂಕಿನಲ್ಲಿಟ್ಟರೆಂದು ಭಾವಿಸೋಣ. ಬ್ಯಾಂಕು ಆ ಹಣವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಿಲ್ಲ. ಸ್ವಲ್ಪ ಭಾಗವನ್ನು ನಗದಾಗಿ ಇಟ್ಟುಕೊಂಡು ಉಳಿದುದನ್ನು ಸಾಲವಾಗಿ ಕೊಡುತ್ತದೆ. ಕೊಟ್ಟವರೆಲ್ಲರೂ ಒಂದೇ ದಿನ ಹಣವನ್ನು ಕೇಳುವುದಿಲ್ಲವೆಂಬ ನಂಬಿಕೆಯ ಮೇಲೆಯೇ ಈ ವ್ಯವಹಾರವೆಲ್ಲ ನಿಂತಿದೆ. ಒಂದು ಗಾಳಿಮಾತು ಹುಟ್ಟಿ ಎಲ್ಲರೂ ಒಟ್ಟಿಗೆ ಬಾಗಿಲಲ್ಲಿ ನಿಂತರೆ, ಗಟ್ಟಿಯಾದ ಬ್ಯಾಂಕೂ ತತ್ತರಿಸುತ್ತದೆ. ಸಾಲವೆಲ್ಲ ಕೆಟ್ಟ ಕೈಗಳಲ್ಲಿ ಸಿಕ್ಕಿಕೊಂಡಿದ್ದರಂತೂ ಕುಸಿದೇ ಬೀಳುತ್ತದೆ. 1938ರಲ್ಲಿ ತಿರುವಾಂಕೂರು ನ್ಯಾಷನಲ್ ಮತ್ತು ಕ್ವಿಲಾನ್ ಬ್ಯಾಂಕು ಮುಳುಗಿ ದಕ್ಷಿಣ ಭಾರತವೆಲ್ಲವೂ ನಡುಗಿತು.

ಇಂತಹ ಅನರ್ಥಗಳನ್ನು ತಡೆಯಲೆಂದೇ 1949ರಲ್ಲಿ ಬ್ಯಾಂಕಿಂಗ್ ಕಂಪನಿಗಳ ಕಾಯಿದೆ ಜಾರಿಗೆ ಬಂದಿತು. ಬ್ಯಾಂಕು ನಡೆಸಲು ಪರವಾನಗಿ ಬೇಕು, ಹೊಸ ಶಾಖೆಗೆ ಅನುಮತಿ ಬೇಕು, ಇಷ್ಟು ಬಂಡವಾಳವಿರಬೇಕು, ಇಷ್ಟು ನಗದು ಇರಬೇಕು ಎಂಬ ಕಟ್ಟಳೆಗಳಾದವು; ಲೆಕ್ಕಪತ್ರಗಳನ್ನು ತನಿಖೆ ಮಾಡುವ ಅಧಿಕಾರವು ರಿಜರ್ವ್ ಬ್ಯಾಂಕಿಗೆ ದೊರೆಯಿತು. ಆದರೆ 1951ರಲ್ಲಿ ದೇಶದಲ್ಲಿ 566 ಬ್ಯಾಂಕುಗಳಿದ್ದವು. ಅವುಗಳಲ್ಲಿ ಅನೇಕವು ತೀರ ಚಿಕ್ಕವು, ದುರ್ಬಲವಾದವು.

ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮಾತ್ರ ಚಿಕ್ಕದಾಗಿರಲಿಲ್ಲ. ಅದು ಆ ರಾಜ್ಯದ ಅತಿ ದೊಡ್ಡ ಬ್ಯಾಂಕು. ಅದರ ಸಾಲಗಳು ಹದಗೆಟ್ಟಿದ್ದುದು 1950ರ ದಶಕದ ತನಿಖೆಗಳಲ್ಲಿಯೇ ರಿಜರ್ವ್ ಬ್ಯಾಂಕಿಗೆ ತಿಳಿದುಬಂದಿದ್ದಿತು. ಇಲ್ಲಿಯೇ ಕಾವಲುಗಾರನ ಧರ್ಮಸಂಕಟವಿರುವುದು. ಬ್ಯಾಂಕು ರೋಗಗ್ರಸ್ತವಾಗಿದೆಯೆಂದು ಬಾಯಿಬಿಟ್ಟು ಹೇಳಿದರೆ ಆ ಮಾತೇ ಅದನ್ನು ಕೊಲ್ಲುತ್ತದೆ. ಹೇಳದೆ ಗುಟ್ಟಾಗಿ ಔಷಧ ಕೊಡುತ್ತ ಹೋದರೆ, ಆ ನಡುವೆ ಏನೂ ಅರಿಯದ ಬಡಜನರು ತಮ್ಮ ಉಳಿತಾಯವನ್ನು ತಂದು ಅಲ್ಲಿಯೇ ಹಾಕುತ್ತಿರುತ್ತಾರೆ. ವರ್ಷಗಟ್ಟಲೆ ಎಚ್ಚರಿಕೆ, ಸೂಚನೆ, ನಿರ್ಬಂಧಗಳಲ್ಲಿಯೇ ಕಾಲ ಕಳೆಯಿತು. ಕಡೆಗೆ 1960ರ ಆಗಸ್ಟ್ 8ರಂದು ಬ್ಯಾಂಕನ್ನು ಮುಚ್ಚಿಸುವಂತೆ ರಿಜರ್ವ್ ಬ್ಯಾಂಕು ಕೇರಳದ ಹೈಕೋರ್ಟಿಗೆ ಅರ್ಜಿ ಸಲ್ಲಿಸಿತು.

ನಿಂದೆಯ ಮಳೆಯೇ ಸುರಿಯಿತು. ಏಕೆ ಮುಚ್ಚಿಸಿದಿರೆಂದು ಕೆಲವರು, ಏಕೆ ಇಷ್ಟು ತಡಮಾಡಿದಿರೆಂದು ಮತ್ತೆ ಕೆಲವರು ಕೇಳಿದರು. ಪಾರ್ಲಿಮೆಂಟಿನಲ್ಲಿಯೂ ಬಿಸಿಬಿಸಿ ಚರ್ಚೆ ನಡೆಯಿತು. ಮೊದಲನೆಯ ಪ್ರಶ್ನೆಗೆ ಅಯ್ಯಂಗಾರ್ಯರ ಪಕ್ಷದಲ್ಲಿ ಉತ್ತರವಿತ್ತು: ಕೊಳೆತ ಬ್ಯಾಂಕು ತೆರೆದಿದ್ದಷ್ಟು ದಿನವೂ ಮೊದಲು ಓಡಿಬಂದವನಿಗೆ ಪೂರ್ತಿ ಹಣ ಸಿಕ್ಕಿ, ದೂರದ ಹಳ್ಳಿಯವನಿಗೆ ಏನೂ ಉಳಿಯುವುದಿಲ್ಲ. ಎರಡನೆಯ ಪ್ರಶ್ನೆಯ ಭಾರವನ್ನು ಮಾತ್ರ ಸುಲಭವಾಗಿ ಇಳಿಸಲಾಗದು. ತಡವಾದುದು ನಿಜ, ಅದರ ಬೆಲೆಯನ್ನು ತೆತ್ತವರು ಠೇವಣಿದಾರರು. ಅವರ ಜೀವನವನ್ನು ಬರೆಯುವವರು ಇದನ್ನು ಮರೆಮಾಚಬಾರದು.

ಆದರೆ ಆ ಪೆಟ್ಟಿನ ನಂತರ ನಡೆದುದೇ ಅವರ ಅಧಿಕಾರಾವಧಿಯ ಉತ್ತಮ ಭಾಗ. 1960ರ ಸೆಪ್ಟೆಂಬರಿನಲ್ಲಿಯೇ ಕಾಯಿದೆಗೆ ತಿದ್ದುಪಡಿಯಾಯಿತು. ದುರ್ಬಲವಾದ ಬ್ಯಾಂಕಿನ ಪಾವತಿಗಳನ್ನು ಕೆಲಕಾಲ ತಡೆದು, ಅದನ್ನು ಸದೃಢವಾದ ಇನ್ನೊಂದು ಬ್ಯಾಂಕಿನೊಡನೆ ಕಡ್ಡಾಯವಾಗಿ ವಿಲೀನಗೊಳಿಸುವ ದಾರಿ ತೆರೆಯಿತು. ಮುಳುಗುವ ದೋಣಿಯವರನ್ನು ನೀರಿಗೆ ಬಿಡದೆ ಮತ್ತೊಂದು ದೋಣಿಗೆ ಹತ್ತಿಸುವ ಉಪಾಯವಿದು. ನಮ್ಮ ಕೆನರಾ ಬ್ಯಾಂಕು 1961ರಲ್ಲಿ ಕೇರಳದ ಕೆಲವು ಸಣ್ಣ ಬ್ಯಾಂಕುಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ವಿಜಯ ಬ್ಯಾಂಕು 1963ರಿಂದ 1968ರವರೆಗೆ ಒಂಬತ್ತು ಬ್ಯಾಂಕುಗಳನ್ನು ಸೇರಿಸಿಕೊಂಡಿತು. 1967ರ ಹೊತ್ತಿಗೆ ದೇಶದ ಬ್ಯಾಂಕುಗಳ ಸಂಖ್ಯೆ ಸುಮಾರು 90ಕ್ಕೆ ಇಳಿದಿದ್ದಿತು.

ಎರಡನೆಯದು ಇನ್ನೂ ಮಹತ್ತರವಾದುದು. ಅಮೆರಿಕದಲ್ಲಿ 1933ರಲ್ಲಿ ರೂಪುಗೊಂಡಿದ್ದ ಠೇವಣಿ ವಿಮೆಯನ್ನು ಭಾರತಕ್ಕೂ ತರಲಾಯಿತು. 1961ರ ಡಿಸೆಂಬರಿನಲ್ಲಿ ಕಾಯಿದೆಯಾಗಿ, 1962ರ ಜನವರಿ 1ರಿಂದ ಠೇವಣಿ ವಿಮಾ ನಿಗಮವು ಕಾರ್ಯಾರಂಭ ಮಾಡಿತು. ಮೊದಲಿಗೆ 287 ಬ್ಯಾಂಕುಗಳು ಇದರ ರಕ್ಷಣೆಗೆ ಒಳಪಟ್ಟವು. ಬ್ಯಾಂಕು ಮುಳುಗಿದರೂ ಪ್ರತಿಯೊಬ್ಬ ಠೇವಣಿದಾರನಿಗೆ 1500 ರೂಪಾಯಿಗಳವರೆಗೆ ಭದ್ರತೆ. ಇದಕ್ಕೆ 100 ರೂಪಾಯಿಗೆ ವರ್ಷಕ್ಕೆ 5 ಪೈಸೆಯಂತೆ ವಿಮಾ ಶುಲ್ಕ. ಅದನ್ನು ತೆರಬೇಕಾದವರು ಬ್ಯಾಂಕಿನವರೇ ಹೊರತು ಠೇವಣಿದಾರರಲ್ಲ. ಶ್ರೀಮಂತನಿಗೆ 1500 ರೂಪಾಯಿ ಅಲ್ಪವಾಗಿರಬಹುದು. ಆದರೆ ಮಗಳ ಮದುವೆಗೆಂದೋ, ಒಂದು ಜೊತೆ ಎತ್ತಿಗೆಂದೋ ಕೂಡಿಟ್ಟವನಿಗೆ ಅಂದು ಅದೇ ಸರ್ವಸ್ವವಾಗಿದ್ದಿತು. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆ 1971ರಿಂದ ವಿಸ್ತರಿಸತೊಡಗಿತು. ವಿಮೆಯ ಮಿತಿ 1993ರಲ್ಲಿ 1 ಲಕ್ಷಕ್ಕೂ, 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೂ ಏರಿತು.

ವಿಮಾ ನಿಗಮವು ಆರಂಭವಾದ ಎರಡೇ ತಿಂಗಳಲ್ಲಿ, 1962ರ ಫೆಬ್ರವರಿ 28ರಂದು ಅಯ್ಯಂಗಾರ್ಯರು ಅಧಿಕಾರದಿಂದ ನಿವೃತ್ತರಾದರು. ಆ ವರ್ಷವೇ ಸರ್ಕಾರವು ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1978ರಲ್ಲಿ ಅವರು ದಿವಂಗತರಾದರು.

ಅಯ್ಯಂಗಾರ್ಯರು ಅರ್ಥಶಾಸ್ತ್ರದ ಹೊಸ ಸಿದ್ಧಾಂತವನ್ನೇನೂ ಕಟ್ಟಿದವರಲ್ಲ. ಅವರ ಅರ್ಥಶಾಸ್ತ್ರವೆಲ್ಲ ಕಡತಗಳಲ್ಲಿ, ಕಾಯಿದೆಯ ಕಲಮುಗಳಲ್ಲಿ ಅಡಗಿದೆ. ಆದರೆ ವಿದ್ಯಾರ್ಥಿಮಿತ್ರರು ಅವರ ಜೀವನದಿಂದ ಒಂದು ಮಾತನ್ನು ಗ್ರಹಿಸಬಹುದು. ಎಲ್ಲ ಬ್ಯಾಂಕುಗಳೂ ಎಂದಿಗೂ ಮುಳುಗದಂತೆ ಮಾಡಬಲ್ಲ ಕಾವಲುಗಾರನಿಲ್ಲ. ತನ್ನ ಕಾವಲು ಸೋಲಬಹುದೆಂಬುದನ್ನು ಮನಗಂಡು, ಸೋತ ದಿನ ಬಡವನ ಗಂಟು ಉಳಿಯುವಂತೆ ಮೊದಲೇ ಏರ್ಪಾಡು ಮಾಡುವುದು ಒಳ್ಳೆಯ ಕಾವಲು. ನಮ್ಮ ಊರುಗಳ ಬ್ಯಾಂಕುಗಳಲ್ಲಿ ಹಣವಿಟ್ಟು ನಿಶ್ಚಿಂತೆಯಿಂದ ಮನೆಗೆ ಹಿಂದಿರುಗುವ ರೈತನಿಗೆ ಅಯ್ಯಂಗಾರ್ಯರ ಹೆಸರು ತಿಳಿದಿರಲಾರದು. ಆದರೆ ಆ ನಿಶ್ಚಿಂತೆಯಲ್ಲಿ ಅವರ ದುಡಿಮೆಯ ಪಾಲೂ ಇದೆ.